ಬಯಲಿಗೆ ಬಂದ ಗೋಡೆ

ಗಜೇಂದ್ರಗಡದ ಜನ ಆ ವರ್ಷ ಮಳೆ-ಬೆಳೆಯ ಮಾತು ಬಿಟ್ಟು ಫುಟ್‌ಬಾಲಿನ ಮಾತಿಗೆ ಬಿದ್ದಿದ್ದರು. ಅರಳೆ ವ್ಯಾಪಾರದ ಅಂದಾನೆಪ್ಪ ಸಾವ್ಕಾರರು ಹಾಕಿದ ಗಾಳವೇ ಅಂಥದ್ದು. ಗುಡ್ಡದ ಕೆಳಗಿನ ಬಯಲಿಗೆ ಅವರು ಸುತ್ತಲೂ ಗೋಡೆ ಕಟ್ಟಿಸುತ್ತಾರಂತೆ, ಒಂದು ಬಾಗಿಲಿಟ್ಟು ಎರಡಾಣೆಯ ಟಿಕೀಟು ಮಾರುತ್ತಾರಂತೆ. ಸುತ್ತಲಿನ ಮಾಳಿಗೆಗಳ ಮೇಲೆ ನಿಂತು ಯಾರೂ ಪುಕ್ಕಟೆ ನೋಡಬಾರದೆಂದು ಗೋಡೆ ಮೂರಾಳೆತ್ತರ. ಖರ್ಚೆಲ್ಲ ಅವರದೇ. ಬದಲಿಗೆ ನೇಕಾರರ ತಂಡಕ್ಕೆ ಅವರ ಹೆಸರು, ಟಿಕೀಟಿನ ರೊಕ್ಕ ಅವರ ಪೆಟ್ಟಿಗೆಗೆ. ಗೋಡೆ ಎದ್ದ ಮರುದಿನವೇ ಹುಬ್ಬಳ್ಳಿಯ ತಂಡವನ್ನು ಕರೆಸುವುದಾಗಿ ಹೇಳಿದರು.

ಹುಬ್ಬಳ್ಳಿ ಎಂಬ ಮಾತು ನೇಕಾರ ಅರ್ಜುನಪ್ಪನ ಎದೆಗೆ ನಾಟಿತು. ಇಪ್ಪತ್ತು ವರ್ಷಗಳ ಹಿಂದೆ ಸೀರೆಯ ಗಂಟು ಹೊತ್ತು ಹುಬ್ಬಳ್ಳಿಗೆ ಹೋದವನು ಆ ತಂಡದ ಆಟ ನೋಡುತ್ತ ನಿಂತು ಸಂಜೆಯ ಬಸ್ಸು ತಪ್ಪಿಸಿಕೊಂಡಿದ್ದ. ಊರಿಗೆ ಬಂದು ನೇಕಾರರ ಹುಡುಗರನ್ನು ಕೂಡಿಸಿ ತಂಡ ಕಟ್ಟಿದವನೂ ಅವನೇ. ಮೊಣಕಾಲು ಕೈಕೊಡುವವರೆಗೆ ಗೋಲು ಕಾದವನೂ ಅವನೇ. ಆ ಆಟವನ್ನು ನಮ್ಮೂರ ಮಣ್ಣಿನಲ್ಲಿ ಒಮ್ಮೆ ನೋಡಿ ಸಾಯಬೇಕು ಎಂಬುದೊಂದೇ ಅವನ ಹಂಬಲ.

ಪಾತ್ರೆಗೆ ಕಲಾಯಿ ಹಾಕುವ ಗೌಸುಸಾಬನ ಅಂಗಡಿಯಲ್ಲಿ ಎಂಟು ದಿನ ವಾದ ನಡೆಯಿತು.

“ಬಯಲು ಊರಿಂದು, ಒದಿಯೋ ಕಾಲು ನಮ್ಮವು,” ಎಂದ ಗೌಸುಸಾಬ. “ಸಾವ್ಕಾರಂದೇನೈತಿ? ಬರೇ ಕಲ್ಲು! ಅಷ್ಟಕ್ಕ ತಂಡಾನ ಅವನ ಹೆಸರಿಗೆ ಬರದ ಕೊಡೂದೇನ?”

“ಹುಬ್ಬಳ್ಳಿಯವರು ಗಾಳಿ ತಿಂದು ಬರತಾರೇನಪಾ?” ಎಂದ ಅರ್ಜುನಪ್ಪ. “ ಅವರ ಬಸ್ಸಿನ ಖರ್ಚು, ಊಟದ ಖರ್ಚು ಯಾರ ಕೊಡಬೇಕು?”

“ಅವರ ಆಟ ನೋಡೂ ಆಸೆ ನನಗೂ ಐತಿ. ಆದ್ರ ಬಯಲಿಗೆ ಬಾಗಲ ಯಾಕೋ ಮಾರಾಯಾ?”

“ಅಕ್ಕಿ ಮ್ಯಾಲ ಆಸಿ, ನೆಂಟರ ಮ್ಯಾಲ ಪ್ರೀತಿ ಅಂದ್ರ ಹ್ಯಾಂಗ?” ಎಂದು ಅರ್ಜುನಪ್ಪ ಬಾಯಿ ಮುಚ್ಚಿಸಿದ.

ನೇಕಾರರಲ್ಲಿ ಮಾತು ಗಟ್ಟಿಯಾಗುವುದು ಕಾಗದದ ಮೇಲಲ್ಲ, ಎಲೆ ಅಡಿಕೆಯ ಮೇಲೆ. ತಟ್ಟೆಯಿಂದ ಎತ್ತಿ ಬಾಯಿಗೆ ಹಾಕಿಕೊಂಡವನು ಆಮೇಲೆ ಇಲ್ಲ ಎನ್ನುವಂತಿಲ್ಲ. ಒಂಬತ್ತನೆಯ ದಿನ ಸಾವ್ಕಾರರ ತಟ್ಟೆ ಬಂದಾಗ, ತಂಡ ಕಟ್ಟಿದವನೇ ತೀರ್ಮಾನಿಸಲಿ ಎಂದು ಹಿರಿಯರು ಅರ್ಜುನಪ್ಪನ ಮುಖ ನೋಡಿದರು. ಗೌಸುಸಾಬ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದರೊಳಗೆ ಪುಣ್ಯಾತ್ಮ ಎಲೆ ಜಗಿದು ನುಂಗಿಯೂ ಬಿಟ್ಟಿದ್ದ.

ಮನೆಯಲ್ಲಿ ಹೆಂಡತಿ ಶಂಕ್ರವ್ವ ರೊಟ್ಟಿ ಬಡಿಯುತ್ತ ಕೇಳಿದಳು. “ಗೋಡಿ ನಮ್ಮ ಮಾಳಿಗಿಗಿಂತ ಎತ್ತರ ಆಕ್ಕೈತೇನ್ರಿ?”

“ಹೌದು. ಯಾಕ?”

“ಏನಿಲ್ಲ ಬಿಡ್ರಿ.”

ಮರುದಿನ ಅರ್ಜುನಪ್ಪ ಮಗ್ಗಕ್ಕೆ ಕೂತಾಗ ಲಾಳಿಯೊಳಗಿನ ನೂಲು ಎರಡು ಸಲ ಜಾರಿತು. ಹಿಂದಿನ ಸಂಜೆ ಶಂಕ್ರವ್ವ ರಾಟೆಯಲ್ಲಿ ನೂಲು ಸುತ್ತಿ ಕೊಟ್ಟ ಕಂಡಿಕೆ ಸಡಿಲವಾಗಿತ್ತು. ನಿನ್ನೆ ಹುಡುಗರ ಆಟವಿತ್ತು. ಹೋದ ಆಟದ ಮರುದಿನವೂ ಹೀಗೇ ಆಗಿತ್ತು, ಅದಕ್ಕೂ ಹಿಂದಿನ ಆಟಕ್ಕೂ. “ನಿನ್ನ ಕೈಗೇನು ಲಕ್ವಾ ಹೊಡದೈತೇನ?” ಎಂದು ಎಷ್ಟು ಸಲ ಬೈದಿದ್ದನೋ. ಗಾಳಿ ಬರುತ್ತದೆ ಎಂದು ಅವಳು ದಿನಾ ಸಂಜೆ ರಾಟೆಯನ್ನು ಮಾಳಿಗೆಗೆ ಒಯ್ಯುತ್ತಿದ್ದಳು. ಬಯಲಿಗೆ ಹೆಂಗಸರು ಹೋಗುವ ರೂಢಿ ಇರಲಿಲ್ಲ. ಆಟ ಶುರುವಾದರೆ ಮಾಳಿಗೆಯ ಮೇಲೆ ಅವಳ ಕಣ್ಣು ಬಯಲಿಗೆ ಹೋಗಿ ಕೈ ಸಡಿಲಾಗುತ್ತಿತ್ತು.

ಅರ್ಜುನಪ್ಪ ಲಾಳಿ ಕೆಳಗಿಟ್ಟ. ಇಷ್ಟು ವರ್ಷ ಒಂದೇ ಚೆಂಡನ್ನು ಇಬ್ಬರೂ ನೋಡಿದ್ದರು, ಒಮ್ಮೆಯೂ ಆ ಬಗ್ಗೆ ಮಾತಾಡಿರಲಿಲ್ಲ. ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಸಾವ್ಕಾರರ ಹತ್ತಿರ ಓಡಿದ. “ಗೋಡಿ ಒಂದಾಳು ಇಳಸ್ರಿ. ಇಲ್ಲಾಂದ್ರ ಹೆಣ್ಮಕ್ಕಳನ್ನೂ ಒಳಗ ಬಿಡ್ರಿ.”

“ಎಲಿ ತಿಂದೀಯಲ್ಲೋ ಅರ್ಜುನಪ್ಪ,” ಎಂದು ಸಾವ್ಕಾರರು ನಕ್ಕರು. “ಹೆಣ್ಮಕ್ಕಳದು ಬರೋ ವರ್ಷ ನೋಡೂನು.”

ಮಾಘ ಮುಗಿಯುವುದರೊಳಗೆ ಗೋಡೆ ಎದ್ದಿತು, ಹುಬ್ಬಳ್ಳಿಯವರೂ ಬಂದರು. ಬಾಗಿಲ ಮುಂದೆ ಎಲ್ಲರಿಗಿಂತ ಮುಂದೆ ಮಡಿ ಅಂಗಿ ತೊಟ್ಟು ನಿಂತವನು ಗೌಸುಸಾಬನೇ. “ವಾದ ಬ್ಯಾರೆ, ಆಟ ಬ್ಯಾರೆ,” ಎಂದು ಹಲ್ಲು ಕಿಸಿದ. ಅರ್ಜುನಪ್ಪನ ಕೈಯಲ್ಲೂ ಟಿಕೀಟಿತ್ತು. ಒಳಗೆ ಸೀಟಿ ಊದಿದರು. ಇಪ್ಪತ್ತು ವರ್ಷ ಕಾದ ಕಾಲುಗಳು ಹೊಸ್ತಿಲವರೆಗೆ ಹೋಗಿ ನಿಂತವು. ಅವನು ತಿರುಗಿ ಮನೆಯ ಕಡೆ ನಡೆದ.

ಶಂಕ್ರವ್ವ ಮಾಳಿಗೆಯ ಮೇಲೆ ರಾಟೆಯ ಮುಂದೆ ಕೂತಿದ್ದಳು. ಎದುರಿಗೆ ಹಸಿ ಗಾರೆಯ ಗೋಡೆ, ಅದರ ಮೇಲೆ ಒಂದಿಷ್ಟು ಆಕಾಶ.

“ಯಾಕ ಬಂದ್ರಿ?”

“ಒಳಗ ಭಾಳ ಗದ್ದಲ.”

ಅವನು ಅವಳ ಪಕ್ಕದಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕೂತ. ಊರ ಹುಡುಗರು ಒದ್ದರೆ ಚೆಂಡು ಗುಡ್ಡದೆತ್ತರ ಹಾರುತ್ತಿತ್ತು. ಅಷ್ಟಾದರೂ ಕಂಡೀತೆಂದು ಇಬ್ಬರೂ ಗೋಡೆಯ ಅಂಚನ್ನೇ ನೋಡಿದರು. ಒಳಗೆ ಜನ ಒಮ್ಮೆ ಒದರಿದರು, ಮತ್ತೊಮ್ಮೆ ಒದರಿದರು. ಗೋಡೆಯ ಮೇಲೆ ಏನೂ ಬರಲಿಲ್ಲ.

“ಚೆಂಡು ಮ್ಯಾಲ ಬರವಲ್ದಲ್ರಿ?”

“ಹುಬ್ಬಳ್ಳಿಯವರ ಕಾಲಾಗ ಐತಿ. ಚಲೋ ಆಡೋರು ಚೆಂಡು ಎತ್ತಂಗಿಲ್ಲ, ನೆಲಾ ಹಿಡದ ಆಡತಾರ.”

ಶಂಕ್ರವ್ವ ಒಂದು ಕಂಡಿಕೆ ಸುತ್ತಿ ಮುಗಿಸಿ ತಲೆಯೆತ್ತಿದಳು, ಗೋಡೆಯ ಮೇಲೆ ಆಗಲೂ ಬರೀ ಆಕಾಶ.

“ಹಂಗಾರ ಇವತ್ತ ಭಾಳ ಚಲೋ ಆಡಾಕತ್ತಾರ ಬಿಡ್ರಿ,” ಎಂದಳು.