ಅಮ್ಮನ ಕತ್ತರಿಗೆ ಎಷ್ಟು ಗುಂಡಿ?

ಅಕ್ಕನಿಗೆ ಬೇಕಾಗಿದ್ದದ್ದು ಅಮ್ಮನ ಕತ್ತರಿ ಒಂದೇ. ಬಾಯಿಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು ಸುಮ್ಮನೆ ಕೇಳುವುದೇ? ಎಲ್ಲಾದರೂ ಉಂಟೆ!

ಅಮ್ಮ ತೀರಿಕೊಂಡು ವರ್ಷವಾಗಿತ್ತು. ಅವಳು ಬಟ್ಟೆ ಹೊಲಿಯುತ್ತಿದ್ದ ಬೀದಿ ಕಡೆಯ ಕೋಣೆಯನ್ನು ಬಾಡಿಗೆಗೆ ಕೊಡಲು ಅಪ್ಪ ಕೊನೆಗೂ ಒಪ್ಪಿದ್ದರು. ಅಲ್ಲಿ ಉಳಿದದ್ದು ತುಳಿಯುವ ಮಿಷನ್, ಆಳೆತ್ತರದ ಕನ್ನಡಿ, ಬೀರು ಮತ್ತು ಕತ್ತರಿ.

"ನೀನೇ ನೋಡಿ ಹಂಚಿಬಿಡಕ್ಕ," ಎಂದಳು ತಂಗಿ. ಅವಳೂ ದರ್ಜಿಯೇ; ಪಕ್ಕದ ಬೀದಿಯಲ್ಲಿ ಅವಳದೇ ಅಂಗಡಿ.

"ಹಂಗೆಲ್ಲ ಬೇಡ ಕಣೇ. ಬೇಕು ಅಂತ ಬಾಯಲ್ಲಿ ಯಾರು ಬೇಕಾದ್ರೂ ಹೇಳ್ತಾರೆ. ಅದಕ್ಕೋಸ್ಕರ ಏನು ಬಿಡ್ತಾರೆ ಅನ್ನೋದ್ರಲ್ಲೇ ಆಸೆ ಎಷ್ಟು ಅಂತ ಗೊತ್ತಾಗೋದು!" ಅಕ್ಕ ಪಾಠದ ದನಿಯಲ್ಲೇ ಹೇಳಿ ಅಮ್ಮನ ಗುಂಡಿ ಡಬ್ಬಿ ಸುರುವಿದಳು. ತನಗೆ ಐವತ್ತು ಕಪ್ಪು ಗುಂಡಿ, ತಂಗಿಗೆ ಐವತ್ತು ಬಿಳಿ. ಒಬ್ಬೊಬ್ಬರೇ ಒಳಗೆ ಹೋಗಿ ಒಂದೊಂದು ಸಾಮಾನಿನ ಮುಂದಿನ ಡಬ್ಬಿಗೆ ಮನಸ್ಸು ಬಂದಷ್ಟು ಹಾಕಿ ಮುಚ್ಚುವುದು. ಯಾರದ್ದು ಹೆಚ್ಚೋ ಸಾಮಾನು ಅವರದ್ದು.

"ನಿಮ್ಮಮ್ಮ ಇದ್ದಿದ್ರೆ ಇಬ್ಬರ ಬೆನ್ನಿಗೂ ಬಿಡ್ತಿದ್ಲು," ಎಂದರು ಅಪ್ಪ. ಹಾಗೆಂದರೂ ಎಣಿಸಲು ಒಪ್ಪಿ ಕನ್ನಡಕ ಒರೆಸಿಕೊಂಡರು.

ಅಕ್ಕ ಒಳಗೆ ಹೋಗಿ ಮೊದಲು ಕತ್ತರಿಯನ್ನು ಕೈಗೆತ್ತಿಕೊಂಡಳು. ಹಿಡಿಗೆ ಸುತ್ತಿದ್ದ ಬಟ್ಟೆ ಪಟ್ಟಿ ಇನ್ನೂ ಹಾಗೇ ಇತ್ತು. ಚಿಕ್ಕಂದಿನಲ್ಲಿ ಅಮ್ಮ ನೆಲದ ಮೇಲೆ ಬಟ್ಟೆ ಹರಡಿದರೆ ಇನ್ನೊಂದು ತುದಿ ಹಿಡಿಯುವುದು ಇವಳ ಕೆಲಸ. ಕತ್ತರಿ ಕರಕರ ಎನ್ನುತ್ತಾ ಇವಳತ್ತ ಬರುತ್ತಿತ್ತು, ಅದರ ಹಿಂದೆಯೇ ಅಮ್ಮನ ಮುಖ. ನೆನೆದು ಅಕ್ಕನಿಗೆ ಅಳು ಬಂತು.

ಅಳುತ್ತಲೇ ಲೆಕ್ಕವನ್ನೂ ಹಾಕಿದಳು ಮಹರಾಯ್ತಿ! ಈ ಮೊಂಡು ಕತ್ತರಿ ಇನ್ಯಾರಿಗೆ ಬೇಕು? ಎರಡು ಗುಂಡಿ ಧಾರಾಳ. ಉಳಿದದ್ದೆಲ್ಲ ಮಿಷನ್‌ಗೆ. ದರ್ಜಿಗೆ ಬೇಕಾಗುವುದು ಮಿಷನ್ ತಾನೆ? ಅದನ್ನು ಗೆದ್ದು ತಂಗಿಗೇ ಕೊಟ್ಟುಬಿಟ್ಟರೆ ಕತ್ತರಿಯೂ ತನ್ನದು, ದೊಡ್ಡ ಮನಸ್ಸಿನ ಅಕ್ಕ ಎಂಬ ಹೆಸರೂ ತನ್ನದು.

ತಂಗಿಯೂ ಹೋಗಿಬಂದ ಮೇಲೆ ಮೂವರೂ ಕೋಣೆಯೊಳಗೆ ಕೂತರು; ಅಪ್ಪ ಡಬ್ಬಿಗಳನ್ನು ತೆರೆದರು. ಕನ್ನಡಿಗೂ ಬೀರುವಿಗೂ ಏನೂ ಬಿದ್ದಿರಲಿಲ್ಲ. ಮಿಷನ್ ಡಬ್ಬಿಯಲ್ಲಿ ಬರೀ ಕಪ್ಪು.

"ಮಿಷನ್ ದೊಡ್ಡವಳಿಗೆ! ಸೂಜಿಗೆ ದಾರ ಪೋಣಿಸೋಕೂ ಬರದವಳಿಗೆ! ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗಾಯ್ತು," ಎಂದು ನಕ್ಕು, ಕತ್ತರಿಯ ಡಬ್ಬಿ ಬೋರಲು ಹಾಕಿದರು. ಬಿಳಿ ಗುಂಡಿಗಳ ರಾಶಿ ಬಿತ್ತು. ಅದರ ನಡುವೆ ಎರಡು ಕಪ್ಪು.

ಅಕ್ಕ ರಾಶಿಗೆ ಕೈಹಾಕಿ ಕೆದಕಿದಳು. "ಎಲ್ಲಾ ಇದಕ್ಕೇ ಹಾಕಿದ್ಯೇನೇ? ಮಿಷನ್ ಬೇಡ್ವಾ?"

"ನನ್ನಂಗಡೀಲಿ ಮೋಟರ್ ಮಿಷನ್ನೇ ಇದೆಯಲ್ಲಕ್ಕ." ತಂಗಿ ಕತ್ತರಿಯನ್ನು ಮಡಿಲಿಗೆ ಎಳೆದುಕೊಂಡಳು. "ಅಮ್ಮ ನಂಗೆ ಹೊಲಿಗೆ ಕಲಿಸಿದ್ಲು. ಕತ್ತರಿ ಮಾತ್ರ ಒಂದಿನಾನೂ ಕೊಡ್ಲಿಲ್ಲ, 'ನೀನು ಓರೆ ಮಾಡ್ತೀಯ' ಅಂತಿದ್ಲು. ಬಟ್ಟೆ ಹಿಡಿಯೋಕೂ ನಿನ್ನನ್ನೇ ಕರೀತಿದ್ಲು. ನಾನು ಬಾಗಿಲ ಹತ್ರ ನಿಂತು ನೋಡ್ತಿದ್ದೆ."

"ನಂಗೂ ಅದೇ ಬೇಕಿತ್ತು ಕಣೇ."

"ಎರಡು ಗುಂಡಿ ಹಾಕಿ?"

ಅಕ್ಕ ತಲೆ ತಗ್ಗಿಸಿದಳು. ಅವಳದೇ ಪಾಠ ಅವಳಿಗೇ ತಿರುಗಿಬಂದಿತ್ತು. ತಂಗಿ ಅದಕ್ಕಾಗಿ ಎಲ್ಲವನ್ನೂ ಬಿಟ್ಟಿದ್ದಳು. "ನಿಂಗಿಷ್ಟು ಆಸೆ ಇತ್ತು ಅಂತ ಗೊತ್ತಿರ್ಲಿಲ್ಲ."

"ಕೇಳಿದ್ಯಾ?"

ತಂಗಿ ಎದ್ದು ಬೀರುವಿನಿಂದ ಅಮ್ಮ ಉಳಿಸಿಹೋಗಿದ್ದ ಬಟ್ಟೆಯೊಂದನ್ನು ತೆಗೆದು ನೆಲಕ್ಕೆ ಹರಡಿದಳು.

"ಬಾ, ಆ ತುದಿ ಹಿಡ್ಕೋ. ಬಿಗಿಯಾಗಿ."

ಅಕ್ಕ ಮಂಡಿಯೂರಿ ಹಿಡಿದಳು. ಮೊಂಡು ಕತ್ತರಿ ಕರಕರ ಎನ್ನುತ್ತಾ ಅವಳತ್ತ ಬರತೊಡಗಿತು. ತಂಗಿಯ ಕಣ್ತುಂಬ ನೀರು.

"ಓರೆ ಹೋಗ್ತಿದೆಯಾ ಅಕ್ಕ?"

ಓರೆಯಾಗಿಯೇ ಹೋಗುತ್ತಿತ್ತು. ಅಕ್ಕ ತನ್ನ ತುದಿಯನ್ನು ಒಂಚೂರು ಪಕ್ಕಕ್ಕೆ ಎಳೆದುಕೊಂಡಳು.

"ಇಲ್ಲ ಕಣೇ, ನೆಟ್ಟಗಿದೆ. ಬಾ."