ಗಾಳಿಯಮ್ಮನ ದೂರಿನ ಪುಸ್ತಕ

ಆ ಒಂಬತ್ತು ಅಂತಸ್ತಿನ ಕಟ್ಟಡದಲ್ಲಿ ಎಸಿ ನೋಡಿಕೊಳ್ಳುವ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಗಾಳಿಯಮ್ಮ. ಇಪ್ಪತ್ತೊಂದು ವರ್ಷದಿಂದ ನೆಲಮಾಳಿಗೆಯ ಯಂತ್ರಕೋಣೆಯಲ್ಲಿ ಕೂತು ಒಂಬತ್ತು ಅಂತಸ್ತಿನವರ ಸೆಕೆ, ಚಳಿ, ಮುನಿಸು ಎಲ್ಲವನ್ನೂ ಸಂಭಾಳಿಸಿದವಳು. ಈಗ ಅವಳ ಜಾಗಕ್ಕೆ ಕಂಪ್ಯೂಟರ್ ಬಂದಿತ್ತು. ತಂದವಳು ಬೇರೆ ಯಾರೂ ಅಲ್ಲ, ಅವಳ ತಂಗಿಯ ಮಗಳೇ.

ತಂಗಿ ತೀರಿಕೊಂಡಾಗ ಆರು ವರ್ಷದವಳಾಗಿದ್ದ ಪುಟ್ಟಿಯನ್ನು ಸಾಕಿ, ಓದಿಸಿ, ಇಂಜಿನಿಯರ್ ಮಾಡಿದ್ದು ಗಾಳಿಯಮ್ಮ. ಕಟ್ಟಡದ ಗಾಳಿ, ಬೆಳಕು, ಲಿಫ್ಟು ಎಲ್ಲವನ್ನೂ ತಾನೇ ಕಲಿತು ನಡೆಸುವ ಯಂತ್ರವೊಂದನ್ನು ಕೂರಿಸುವುದು ಹುಡುಗಿಯ ಮೊದಲ ಕೆಲಸ. ಮೂರು ವಾರ ಪರೀಕ್ಷೆ. ಗೆದ್ದರೆ ಪುಟ್ಟಿಯ ಕೆಲಸ ಕಾಯಂ, ದೊಡ್ಡಮ್ಮ ಮನೆಗೆ. ಸೋತರೆ ಪುಟ್ಟಿ ಮನೆಗೆ.

"ಇರೋದು ಒಂದೇ ಮನೆ ತಾನೇ, ಯಾರು ಹೋದ್ರೇನು?" ಎಂದು ಗಾಳಿಯಮ್ಮ ನಕ್ಕುಬಿಟ್ಟಿದ್ದಳು. ನಕ್ಕರೂ ಗೆಲ್ಲಬೇಕಾದವಳು ಹುಡುಗಿ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಳು.

"ಯಂತ್ರ ಕಲೀಬೇಕಾದ್ರೆ ಹಳೇದೆಲ್ಲ ಗೊತ್ತಾಗ್ಬೇಕು ದೊಡ್ಡಮ್ಮ. ನಿನ್ನ ದೂರಿನ ಪುಸ್ತಕ ಅಷ್ಟೂ ಕೊಡು," ಎಂದಿದ್ದಳು ಪುಟ್ಟಿ.

ಕೊಟ್ಟಳು. ಹದಿನಾಲ್ಕು ದಪ್ಪ ಪುಸ್ತಕ. ತಾರೀಖು, ಅಂತಸ್ತು, ದೂರು, ಪರಿಹಾರ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ಪುಟ್ಟಿ ಎರಡು ತಿಂಗಳು ಕೂತು ಅಷ್ಟನ್ನೂ ಯಂತ್ರಕ್ಕೆ ಉಣಿಸಿದಳು.

ಈಗ ಒಂದು ಗುಟ್ಟು ಹೇಳಲೇಬೇಕು. ಮೂರನೇ ಅಂತಸ್ತಿನ ಹೆಡ್‌ಕ್ಲಾರ್ಕಿಗೆ ಸದಾ ಸೆಕೆ. ಅವರ ಎದುರು ಕೂರುವ ನಕ್ಷೆ ಬರೆಯುವ ಮೇಡಮ್ಮಿಗೆ ಸದಾ ಚಳಿ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಮಧ್ಯೆ ಸಿಕ್ಕಿಕೊಂಡ ಗಾಳಿಯಮ್ಮ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿ, ಒಂದು ದಿನ ಎರಡು ರೆಗ್ಯುಲೇಟರ್ ತಂದು ಒಬ್ಬೊಬ್ಬರ ಮೇಜಿನ ಪಕ್ಕ ಗೋಡೆಗೆ ಜಡಿದಳು. "ಇನ್ನು ನಿಮಗೆ ಬೇಕಾದಷ್ಟು ನೀವೇ ತಿರುಗಿಸ್ಕೊಳ್ಳಿ," ಎಂದಳು. ಅವುಗಳ ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ, ಒಂದು ತಂತಿ ಕೂಡ! ಹೆಡ್‌ಕ್ಲಾರ್ಕ್ ತಿರುಗಿಸಿ "ಆಹಾ, ಈಗ ತಂಪಾಯ್ತು" ಎಂದರು. ಮೇಡಮ್ಮು ತಿರುಗಿಸಿ ಸ್ವೆಟರ್ ಬಿಚ್ಚಿದರು. ಸುದ್ದಿ ಹಬ್ಬಿತು. ನಮಗೂ ಬೇಕು, ನಮಗೂ ಬೇಕು ಎಂದು ಎಲ್ಲರೂ ದುಂಬಾಲು ಬಿದ್ದು, ಮೂವತ್ತೆಂಟು ರೆಗ್ಯುಲೇಟರ್ ಗೋಡೆ ಹತ್ತಿದವು. ಪುಸ್ತಕದಲ್ಲಿ ಗಾಳಿಯಮ್ಮ ಪ್ರತಿ ಸಲ ಬರೆದಳು: "ರೆಗ್ಯುಲೇಟರ್ ತಿರುಗಿಸಲಾಯಿತು. ಸರಿಹೋಯಿತು."

ಅಲ್ಲ ಸ್ವಾಮಿ, ಯಂತ್ರ ಇದನ್ನು ಓದಿ ಏನು ಕಲಿತೀತು? ಸೆಕೆ ಎಂದವರಿಗೆ ತಣ್ಣನೆ ಗಾಳಿ ಬೇಕಿಲ್ಲ, ರೆಗ್ಯುಲೇಟರ್ ತಿರುಗಿಸಿದರೆ ಸಾಕು ಎಂದು ಕಲಿಯಿತು. ಮೊದಲೆರಡು ವಾರ ಹೊರಗೂ ತಂಪಿತ್ತು. ಯಂತ್ರ ಎಸಿಯನ್ನು ಇಷ್ಟಿಷ್ಟೇ ತಗ್ಗಿಸಿತು. ವಿದ್ಯುತ್ ಉಳಿಯಿತೆಂದು ಎಲ್ಲರೂ ಪುಟ್ಟಿಯ ಬೆನ್ನು ತಟ್ಟಿದರು.

ಮೂರನೇ ವಾರ ಬಿಸಿಲು ನೆತ್ತಿ ಸುಡತೊಡಗಿತು. ಕೊನೆಯ ದಿನ, ಕಟ್ಟಡದ ಯಜಮಾನರು ಪರೀಕ್ಷೆಗೆಂದು ಬರುವ ಹೊತ್ತಿಗೆ, ಯಂತ್ರ ಎಸಿಯನ್ನು ಪೂರಾ ಆರಿಸಿತ್ತು. ದೂರು ಕೊಟ್ಟವರ ಮೊಬೈಲಿಗೆಲ್ಲ ಒಂದೇ ಉತ್ತರ: "ದಯವಿಟ್ಟು ರೆಗ್ಯುಲೇಟರ್ ತಿರುಗಿಸಿ." ಜನ ತಿರುಗಿಸಿದ್ದೇ ತಿರುಗಿಸಿದ್ದು. ಬೆವರು ಮಾತ್ರ ನಿಲ್ಲಲಿಲ್ಲ.

ಯಜಮಾನರು ಮೂರನೇ ಅಂತಸ್ತಿನಲ್ಲಿ ಕರವಸ್ತ್ರ ಹಿಂಡುತ್ತಾ ನಿಂತಿದ್ದರು. ಎದುರಿಗೆ ಪುಟ್ಟಿ, ಮುಖ ಸಣ್ಣದು ಮಾಡಿಕೊಂಡು.

"ಎಲ್ಲಾ ನೋಡಿದೆ ಸಾರ್. ತಪ್ಪು ಎಲ್ಲಿದೆ ಅಂತ ಸಿಗ್ತಿಲ್ಲ," ಎಂದಳು.

ಬಾಗಿಲಲ್ಲಿದ್ದ ಗಾಳಿಯಮ್ಮನಿಗೆ ತಪ್ಪು ಎಲ್ಲಿದೆಯೆಂದು ಆಗ ಹೊಳೆಯಿತು. ಕೆಳಗೆ ಹೋಗಿ ಎಸಿ ಹಾಕಿಬಿಡಬಹುದಿತ್ತು. ಆದರೆ ಯಂತ್ರ ನಾಳೆ ಮತ್ತೆ ಆರಿಸುತ್ತದೆ, ಬೈಗುಳ ಮತ್ತೆ ಹುಡುಗಿಗೇ. ಇಪ್ಪತ್ತೊಂದು ವರ್ಷದ ಮರ್ಯಾದೆ ಮಣ್ಣುಪಾಲಾಗುತ್ತದೆಂದು ಗೊತ್ತಿದ್ದೂ ಅವಳು ಮುಂದೆ ಬಂದಳು.

"ತಪ್ಪು ಅವಳದಲ್ಲ ಸಾರ್, ನಂದು. ಈ ರೆಗ್ಯುಲೇಟರ್ ಯಾವುದಕ್ಕೂ ತಂತಿ ಇಲ್ಲ. ಎಲ್ಲಾ ಬರೀ ಸುಳ್ಳು."

"ಬೇರೆಯವರದು ಸುಳ್ಳಿರ್ಬೋದು," ಎಂದರು ಹೆಡ್‌ಕ್ಲಾರ್ಕ್. "ನನ್ನದು ಚೆನ್ನಾಗೇ ಕೆಲಸ ಮಾಡುತ್ತೆ."

ಗಾಳಿಯಮ್ಮ ಸ್ಕ್ರೂಡ್ರೈವರ್ ತೆಗೆದು ನಾಲ್ಕು ತಿರುವಿನಲ್ಲಿ ಅವರ ರೆಗ್ಯುಲೇಟರ್ ಬಿಚ್ಚಿ ಕೈಗಿಟ್ಟಳು. ಹಿಂದೆ ಒಂದು ಜೇಡ ಸಂಸಾರ ಹೂಡಿತ್ತು. ಮೇಡಮ್ಮು ಕಿಸಕ್ಕನೆ ನಕ್ಕು, ತಮ್ಮದೂ ಹಾಗೇ ಎಂಬುದು ಹೊಳೆದು ಬಾಯಿ ಮುಚ್ಚಿಕೊಂಡರು.

"ಅಯ್ಯೋ ದೊಡ್ಡಮ್ಮಾ!" ಪುಟ್ಟಿ ತಲೆ ಮೇಲೆ ಕೈಹೊತ್ತಳು.

ಯಜಮಾನರಿಗೆ ಸಿಟ್ಟೂ ಬಂತು, ನಗೆಯೂ ಬಂತು. "ಆ ಪುಸ್ತಕದಲ್ಲಿ ಇನ್ನೂ ಎಷ್ಟು ಸುಳ್ಳಿವೆಯಮ್ಮಾ?"

"ನೆನಪಿಲ್ಲ ಸಾರ್. ಓದಿದ್ರೆ ಗೊತ್ತಾಗುತ್ತೆ."

"ಹಾಗಾದ್ರೆ ಕೂತು ಓದಿ. ಯಾವುದು ನಿಜ, ಯಾವುದು ಸುಳ್ಳು ಅಂತ ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತು? ಆ ಹದಿನಾಲ್ಕೂ ಮುಗಿದು, ಯಂತ್ರ ಸರಿಯಾಗಿ ಕಲಿಯೋವರೆಗೂ ಇಬ್ಬರನ್ನೂ ಮನೆಗೆ ಕಳಿಸೋದಿಲ್ಲ. ಮೊದಲು ಹೋಗಿ ಎಸಿ ಹಾಕಿ!"

ಮಾರನೇ ದಿನ ಬೆಳಿಗ್ಗೆ ನೆಲಮಾಳಿಗೆಯಲ್ಲಿ ದೊಡ್ಡಮ್ಮ, ಮಗಳು ಪಕ್ಕಪಕ್ಕ ಕೂತರು. ಪುಟ್ಟಿ ಕೇಳುವುದು, ದೊಡ್ಡಮ್ಮ ತೀರ್ಪು ಕೊಡುವುದು.

"ಆರನೇ ಅಂತಸ್ತು, ಫ್ಯಾನ್ ಬೆಲ್ಟ್ ಬದಲಾಯಿಸಿದೆ?"

"ನಿಜ."

"ಲಿಫ್ಟಲ್ಲಿ ವಾಸನೆ, ಇಲಿ ಹಿಡಿಯಲಾಯಿತು?"

"ಅರ್ಧ ನಿಜ. ವಾಸನೆ ಇತ್ತು, ಇಲಿ ಸಿಗಲಿಲ್ಲ."

ಪುಟ್ಟಿ ನಗುತ್ತಾ ಪರದೆ ನೋಡಿದಳು. "ಇದೊಂದು ವಿಚಿತ್ರ ನೋಡು, ಯಂತ್ರ ಭವಿಷ್ಯ ಬೇರೆ ಹೇಳ್ತಿದೆ. ಪ್ರತಿ ವರ್ಷ ಆಗಸ್ಟ್ ಒಂಬತ್ತಕ್ಕೆ ಮಧ್ಯಾಹ್ನ ಮೂರರಿಂದ ಐದರವರೆಗೆ ನೀರಿನ ಪಂಪು ಕೆಡುತ್ತಂತೆ. ಬಿಡಿಭಾಗ ತರೋಕೆ ನೀನು ಹೊರಗೆ..."

ಅವಳು ತಾರೀಖನ್ನು ಮತ್ತೊಮ್ಮೆ ನೋಡಿದಳು. ಅದು ಅವಳು ಹುಟ್ಟಿದ ದಿನ.

"ಪಂಪು ಯಾವತ್ತೂ ಕೆಟ್ಟಿಲ್ಲ ಕಣೇ," ಎಂದಳು ಗಾಳಿಯಮ್ಮ, ಪುಸ್ತಕದಿಂದ ಕಣ್ಣೆತ್ತದೆ. "ಆಗಿನ ಮ್ಯಾನೇಜರು ರಜ ಕೊಡ್ತಿರಲಿಲ್ಲ. ಶಾಲೆ ಬಿಡೋ ಹೊತ್ತಿಗೆ ಎಲ್ಲಾ ಮಕ್ಕಳ ಅಮ್ಮಂದಿರು ಗೇಟಲ್ಲಿ ನಿಂತಿರ್ತಿದ್ರು. ಅವತ್ತೊಂದು ದಿನವಾದ್ರೂ ನಿನಗೆ ಯಾರೂ ಇಲ್ಲ ಅನ್ನಿಸಬಾರದಲ್ಲ... ಸುಳ್ಳು ಅಂತ ಬರ್ಕೋ."

ಪುಟ್ಟಿಗೆ ಅಳು ತಡೆಯಲಾಗಲಿಲ್ಲ. ದೊಡ್ಡಮ್ಮನ ಎಣ್ಣೆ ಕೈಯನ್ನು ಹಾಗೇ ಹಿಡಿದುಕೊಂಡಳು.

"ಸುಮ್ನಿರು ದೊಡ್ಡಮ್ಮ. ನಿಜ ಅಂತಲೇ ಬರ್ಕೋತೀನಿ. ಇನ್ಮೇಲೂ ಅವತ್ತು ಪಂಪು ಕೆಡಲಿ."