ಅಪ್ಪನ ಕ್ರೋಟನ್ನಿನ ಬಣ್ಣ

ಆ ಬೆಳಿಗ್ಗೆ ಕಸಿಯಮ್ಮ ತಾರಸಿಯ ಮೆಟ್ಟಿಲು ಹತ್ತಿದ್ದು ಏಳನೆಯ ಸಲ. ಮಂಡಿ ಬೇಡವೆಂದರೂ ಕಾಲು ನಿಲ್ಲುತ್ತಿರಲಿಲ್ಲ. ಗಿಡಕ್ಕೆ ಕಸಿ ಕಟ್ಟುವುದರಲ್ಲಿ ಎತ್ತಿದ ಕೈ ಎಂದು ಬೀದಿಯವರು ಕೊಟ್ಟ ಹೆಸರು ಕಸಿಯಮ್ಮ. ಇವತ್ತು ಹನ್ನೊಂದಕ್ಕೆ ಸಸ್ಯೋದ್ಯಾನದಿಂದ ತಳಿಗಳ ದಾಖಲೆ ಇಡುವವರು ಬರುವವರಿದ್ದರು.

ಎಪ್ಪತ್ತು ವರ್ಷದ ಹಿಂದೆ ಅವಳ ಅಪ್ಪ ಬಣ್ಣದೆಲೆಯ ಎರಡು ಕ್ರೋಟನ್‌ಗಳನ್ನು ಕೂಡಿಸಿ ಹೊಸ ತಳಿ ಮಾಡಿದ್ದರು. ಚಿಗುರು ನಿಂಬೆಹಳದಿ, ಆಮೇಲೆ ನರಗಳಲ್ಲಿ ಕೆಂಪು, ಬಲಿತಾಗ ಹೆಚ್ಚುಕಮ್ಮಿ ಕಪ್ಪು, ಅಂಚಿಗೆ ಗುಲಾಬಿ ಗೆರೆ, ಎಲೆಯ ನಡುವೆ ಒಂದು ತಿರುಚು ಎಂದು ಅವರ ನೋಟುಪುಸ್ತಕದಲ್ಲಿತ್ತು. ಒಂದು ಕಾಲಕ್ಕೆ ಮನೆಮನೆಯ ಬಾಗಿಲಲ್ಲಿ ಮೆರೆದ ಗಿಡ ಜನರಿಗೆ ಹಳತಾಗಿ, ಕೊನೆಗೆ ಉಳಿದದ್ದು ಒಂದೇ ಕುಂಡ.

ಗಡಿಯಾರ ರಿಪೇರಿ ಮಾಡುವ ಅಣ್ಣ ಅದನ್ನು ಮೂವತ್ತು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದ. ಒಳಕೋಣೆಯ ಮೂಲೆ, ಕಿಟಕಿಗೆ ದಪ್ಪ ಪರದೆ, ದಿನಾ ಒದ್ದೆ ಬಟ್ಟೆಯಲ್ಲಿ ಎಲೆ ಒರೆಸುವ ಉಪಚಾರ. ಸ್ವಂತ ಮಕ್ಕಳನ್ನೂ ಅಷ್ಟು ಮುದ್ದು ಮಾಡಿದವನಲ್ಲ ಮಹಾರಾಯ. ಗಿಡವೋ ಅಪ್ಪಟ ಹಸಿರು. ಹೋದ ವರ್ಷ ಬಂದ ದಾಖಲೆಯವರು ಇದು ಸಾಮಾನ್ಯ ಕ್ರೋಟನ್, ಮುಂದಿನ ವರ್ಷವೂ ಹೀಗೇ ಇದ್ದರೆ ನಿಮ್ಮ ತಂದೆಯ ತಳಿ ಅಳಿದುಹೋಯಿತೆಂದು ಬರೆಯುತ್ತೇನೆ ಎಂದಿದ್ದರು.

ಬಿಸಿಲಿಲ್ಲದೆ ಕ್ರೋಟನ್‌ಗೆ ಬಣ್ಣ ಬಾರದೆಂದು ಕಸಿಯಮ್ಮ ಎಷ್ಟು ಸಲ ಹೇಳಿದರೂ ಎಲೆ ಸುಟ್ಟೀತು ಎಂದು ಅವನು ಹಾರಾಡುತ್ತಿದ್ದ. ಅದಕ್ಕೇ ಅವನು ಅಂಗಡಿಗೆ ಹೋದಾಗ ಒಂದು ಕೊಂಬೆಯ ತೊಗಟೆ ಸುಲಿದು, ಒದ್ದೆ ಪಾಚಿ ಸುತ್ತಿ, ಕೊಂಬೆಯಲ್ಲೇ ಬೇರು ಬರಲೆಂದು ಗೂಟಿ ಕಟ್ಟಿದಳು. ಏನಿದು ಎಂದು ಅಣ್ಣ ಕೇಳಿದ್ದಕ್ಕೆ ಕೊಂಬೆಗೆ ಪೆಟ್ಟಾಗಿದೆ, ಪಟ್ಟಿ ಹಾಕಿದ್ದೇನೆ ಎಂದು ಹಸಿ ಸುಳ್ಳು ಹೇಳಿದಳು. ಬೇರು ಬಿಟ್ಟ ಮೇಲೆ ಕತ್ತರಿಸಿ, ಕೊಂಬೆಯನ್ನು ಬೇರೆ ಕುಂಡದಲ್ಲಿ ನೆಟ್ಟು, ಅವನಿಗೆ ತಿಳಿಯದಂತೆ ತಾರಸಿಯ ಬಿಸಿಲಿಗೆ ಒಯ್ದಳು. ಹಳೆಯ ಎಲೆಯೆಲ್ಲ ಉದುರಿ, ಹಳದಿ ಚಿಗುರು ಬಂದ ದಿನ ಒಬ್ಬಳೇ ಕುಣಿದಿದ್ದಳು.

ಹನ್ನೊಂದಕ್ಕೆ ತಾರಸಿಗೆ ಬಂದ ದಾಖಲೆಯವರು ಅಪ್ಪನ ನೋಟುಪುಸ್ತಕ ಹಿಡಿದು ಒಂದೊಂದೇ ಎಲೆ ನೋಡಿದರು. ಹಳದಿ, ಕೆಂಪು, ಕಪ್ಪು, ಗುಲಾಬಿ ಗೆರೆ, ತಿರುಚು. ಅವರು ಪೆನ್ನು ತೆಗೆದು ತಳಿ ಬದುಕಿದೆ ಎಂದು ಬರೆದು, ಕೆಳಗೆ ಅಪ್ಪನ ಹೆಸರು ಸೇರಿಸಿದರು. ಖುಷಿಗೆ ಅವಳು ಅತ್ತೇಬಿಟ್ಟಳು.

ತಿರುಗಿದರೆ ಬಾಗಿಲಲ್ಲಿ ಅಣ್ಣ. ಎಲ್ಲ ನೋಡಿದ್ದ. ಬೈಗುಳ ಗ್ಯಾರಂಟಿ ಎಂದು ಅವಳು ತಲೆ ತಗ್ಗಿಸಿದಳು. ಅವನು ಇಳಿದುಹೋದ. ಸ್ವಲ್ಪ ಹೊತ್ತಿಗೆ ಒಳಕೋಣೆಯ ಕುಂಡವನ್ನು ತಬ್ಬಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದ.

"ಒಂದೇ ಸಲ ಬಿಸಿಲಿಗಿಟ್ರೆ ಎಲೆ ಪೂರಾ ಉದುರತ್ತೆ ಅಣ್ಣ," ಎಂದಳು.

"ಉದುರ್ಲಿ ಬಿಡು. ಈ ಹಸಿರೆಲ್ಲ ನಾನು ಬೆಳೆಸಿದ್ದು," ಎಂದು ಅವನು ಕುಂಡ ಇಳಿಸಿದ. "ಇನ್ಮೇಲೆ ಬರೋದು ಅಪ್ಪಂದು."